ಸಾಂಕ್ರಾಮಿಕದ ದಿನಗಳಲ್ಲಿ ಗೌರಿ-ಗಣೇಶ ಹಬ್ಬ: ಪದೇ ಪದೇ ಕೇಳುವ ಪ್ರಶ್ನೆಗಳು

2020ರ ಮಾರ್ಚ್ 25ರಂದು, ಯುಗಾದಿಯ ದಿನವೇ, ದೇಶವಿಡೀ ಲಾಕ್‌ಡೌನ್ ಆಯಿತು. ಆ ವರ್ಷದ ಗೌರಿ ಹಬ್ಬ ಆಗಸ್ಟ್ 21ಕ್ಕೂ ಗಣೇಶನ ಹಬ್ಬ 22ಕ್ಕೂ ಬಂದಾಗ, ಪ್ರತಿ ವರ್ಷ ಯೋಚಿಸದೆಯೇ ಮಾಡಿಕೊಂಡು ಬಂದಿದ್ದ ಒಂದೊಂದು ಕೆಲಸವೂ ಪ್ರಶ್ನೆಯಾಗಿ ಎದುರು ನಿಂತಿತು. ಬಾಗಿನ ಕೊಡುವುದು ಹೇಗೆ, ಪುರೋಹಿತರನ್ನು ಕರೆಸಬಹುದೇ, ಮನೆಯಲ್ಲಿ ಒಬ್ಬರಿಗೆ ಜ್ವರವಿದ್ದರೆ ಪೂಜೆ ನಡೆಯುತ್ತದೆಯೇ ಎಂಬ ಪ್ರಶ್ನೆಗಳು 2021ರ ಸೆಪ್ಟೆಂಬರಿನಲ್ಲಿಯೂ ಮರುಕಳಿಸಿದವು. ಅಂಥ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಉಸಿರಿನ ಮೂಲಕ ಹರಡುವ ಯಾವುದೇ ಕಾಯಿಲೆ ಊರಿನಲ್ಲಿ ಹಬ್ಬಿರುವಾಗ ಇವು ಉಪಯೋಗಕ್ಕೆ ಬರುತ್ತವೆ. ಸರ್ಕಾರದ ಆದೇಶಗಳು ಆಯಾ ಕಾಲಕ್ಕೆ, ಆಯಾ ಜಿಲ್ಲೆಗೆ ಬದಲಾಗುವುದರಿಂದ, ಹಬ್ಬದ ವಾರದಲ್ಲಿ ಜಾರಿಯಲ್ಲಿರುವ ನಿಯಮವನ್ನು ಮೊದಲು ತಿಳಿದುಕೊಂಡು ಅದರ ಮಿತಿಯೊಳಗೆ ಮುಂದಿನದನ್ನು ಯೋಚಿಸಬೇಕು.

ಕಾಯಿಲೆ ಹರಡುತ್ತಿರುವಾಗ ಹಬ್ಬ ಮಾಡಬೇಕೇ? ಈ ವರ್ಷ ಬಿಟ್ಟುಬಿಟ್ಟರೆ ತಪ್ಪೇ?

ಮನೆಯ ಮಟ್ಟಿಗೆ ಬಿಡಬೇಕಾದ ಕಾರಣವೇ ಇಲ್ಲ. ಸ್ವರ್ಣಗೌರಿ ವ್ರತವಾಗಲಿ ಸಿದ್ಧಿವಿನಾಯಕ ವ್ರತವಾಗಲಿ ಮೂಲತಃ ಗೃಹಸ್ಥರ ಮನೆಯೊಳಗಿನ ಆಚರಣೆಗಳು. ಸಂಕಲ್ಪ, ಆವಾಹನೆ, ಷೋಡಶೋಪಚಾರ, ನೈವೇದ್ಯ, ಮಂಗಳಾರತಿ ಇವುಗಳಲ್ಲಿ ಯಾವುದಕ್ಕೂ ಹತ್ತು ಜನ ಸೇರಬೇಕೆಂಬ ವಿಧಿಯಿಲ್ಲ. ಬಾಲಗಂಗಾಧರ ತಿಲಕರು 1893ರ ಸುಮಾರಿಗೆ ಪುಣೆಯಲ್ಲಿ ಗಣೇಶೋತ್ಸವಕ್ಕೆ ಸಾರ್ವಜನಿಕ ರೂಪ ಕೊಟ್ಟು ಬೆಳೆಸಿದರು. ಬೀದಿಯ ಪೆಂಡಾಲು ಮತ್ತು ಮೆರವಣಿಗೆ ನಮ್ಮಲ್ಲಿ ಬೇರೂರಿದ್ದು ಅದರ ನಂತರ. ಮನೆಯ ಮಂಟಪದಲ್ಲಿ ಮಣ್ಣಿನ ಮೂರ್ತಿಯನ್ನಿಟ್ಟು ಪೂಜಿಸುವ ಪದ್ಧತಿ ಅದಕ್ಕಿಂತ ಬಹಳ ಹಳೆಯದು. ಆದ್ದರಿಂದ ಜನಸಂದಣಿಯನ್ನು ಕೈಬಿಟ್ಟರೆ ಹಬ್ಬವನ್ನೇ ಕೈಬಿಟ್ಟಂತಾಗುವುದಿಲ್ಲ.

ದೊಡ್ಡ ಉತ್ಸವಗಳು ಕೂಡ ಇದೇ ದಾರಿಯಲ್ಲಿ ನಡೆದಿವೆ. 2020ರ ಮೈಸೂರು ದಸರೆಯಲ್ಲಿ ಜಂಬೂಸವಾರಿ ಬನ್ನಿಮಂಟಪದವರೆಗೆ ಹೋಗಲಿಲ್ಲ. ಮೊದಲ ಬಾರಿಗೆ ಚಿನ್ನದ ಅಂಬಾರಿ ಹೊತ್ತ ಅಭಿಮನ್ಯು ಅರಮನೆಯ ಆವರಣದೊಳಗೇ ಹೆಜ್ಜೆ ಹಾಕಿ ಸವಾರಿಯನ್ನು ಮುಗಿಸಿದ. ಅದೇ ವರ್ಷ ಪುರಿಯ ರಥಯಾತ್ರೆಯನ್ನು ಸುಪ್ರೀಂ ಕೋರ್ಟ್ ಮೊದಲು ತಡೆದು, ಆಮೇಲೆ ಸಾರ್ವಜನಿಕರಿಗೆ ಪ್ರವೇಶವಿಲ್ಲದೆ, ಒಂದೊಂದು ರಥಕ್ಕೆ 500 ಜನ ಮೀರದಂತೆ ಎಳೆಯಲು ಅನುಮತಿ ಕೊಟ್ಟಿತು. ಮುಂಬಯಿಯ ಲಾಲ್‌ಬಾಗ್‌ಚಾ ರಾಜಾ ಮಂಡಳಿಯವರು ಆ ವರ್ಷ ಮೂರ್ತಿಯನ್ನೇ ಕೂರಿಸದೆ ರಕ್ತದಾನ ಮತ್ತು ಪ್ಲಾಸ್ಮಾ ದಾನದ ಶಿಬಿರ ನಡೆಸಿದರು. ಅಷ್ಟು ದೊಡ್ಡವರು ಇಷ್ಟು ಕಿರಿದುಗೊಳಿಸಿಕೊಂಡಿರುವಾಗ ನಮ್ಮ ಹಜಾರದ ಹಬ್ಬವನ್ನು ನಾಲ್ಕೇ ಜನ ಮಾಡಿದರೆ ಅದರಲ್ಲಿ ಕೊರತೆಯೇನೂ ಇಲ್ಲ.

ಅಪಾಯ ಇರುವುದು ಎಲ್ಲಿ? ಹೂವಿನಲ್ಲೋ, ಹಣ್ಣಿನಲ್ಲೋ, ಮನುಷ್ಯರಲ್ಲೋ?

ಮುಖ್ಯವಾಗಿ ಹಲವರು ಹಂಚಿಕೊಂಡು ಉಸಿರಾಡುವ ಗಾಳಿಯಲ್ಲಿ. 2020ರ ಆರಂಭದಲ್ಲಿ ತರಕಾರಿಯನ್ನು ಸಾಬೂನು ನೀರಿನಲ್ಲಿ ತೊಳೆದವರು, ಹಾಲಿನ ಪ್ಯಾಕೆಟ್ಟನ್ನು ಬಿಸಿಲಿಗಿಟ್ಟವರು ಬಹಳ ಮಂದಿ. ಕೋವಿಡ್ ವಸ್ತುಗಳ ಮೂಲಕ ಹರಡುವುದು ಅಪರೂಪವೆಂದೂ, ಮುಚ್ಚಿದ ಕೋಣೆಯಲ್ಲಿ, ಹತ್ತಿರ ಹತ್ತಿರ ಕುಳಿತು, ಬಹಳ ಹೊತ್ತು ಮಾತಾಡುವಾಗ ಅಥವಾ ಗಟ್ಟಿಯಾಗಿ ಹಾಡುವಾಗ ಸುಲಭವಾಗಿ ಹರಡುತ್ತದೆಂದೂ ಕ್ರಮೇಣ ಸ್ಪಷ್ಟವಾಯಿತು. ಹಬ್ಬದ ಬೆಳಗ್ಗೆ ನಮ್ಮ ಮನೆಗಳಲ್ಲಿ ನಡೆಯುವುದು ಅದೇ ಆಗಿದೆ. ಈಗಿನ ಫ್ಲ್ಯಾಟುಗಳಲ್ಲಿ ದೇವರ ಕೋಣೆಯೇ ಎಲ್ಲಕ್ಕಿಂತ ಚಿಕ್ಕದು. ಅನೇಕ ಕಡೆ ಅದಕ್ಕೆ ಕಿಟಕಿಯೂ ಇರುವುದಿಲ್ಲ. ಅಲ್ಲಿ ಆರು ಜನ ನಿಂತು ಒಂದು ಗಂಟೆ ಕಾಲ ಅಷ್ಟೋತ್ತರ ಹೇಳುವುದೇ ನಿಜವಾದ ಅಪಾಯ.

ಹೂವು ತೊಳೆಯಲು ವ್ಯಯಿಸುವ ಶ್ರಮವನ್ನು ಕಿಟಕಿ ತೆರೆಯಲು ವ್ಯಯಿಸಿ. ಆ ವರ್ಷದ ಮಟ್ಟಿಗೆ ಮಂಟಪವನ್ನು ದೇವರ ಕೋಣೆಯಿಂದ ಹಜಾರಕ್ಕೆ, ಅಥವಾ ಜಗಲಿಗೆ, ಎದುರುಬದುರು ಎರಡು ಕಿಟಕಿಗಳಿರುವ ಕಡೆಗೆ ತನ್ನಿ. ದೀಪ ಆರದಂತೆ ಗಾಜಿನ ಚಿಮಣಿ ಇಡಬಹುದು, ಅಥವಾ ಹಲಗೆಯೊಂದನ್ನು ಒರಗಿಸಬಹುದು. ಗಾಳಿಗೆ ದೀಪ ಆರುತ್ತದೆಂದು ಕಿಟಕಿ ಮುಚ್ಚುವುದೇ ನಮ್ಮ ಅಭ್ಯಾಸವಾದ್ದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ. ಊದುಬತ್ತಿ, ಧೂಪ, ಕರ್ಪೂರಗಳನ್ನು ಸಾಂಕೇತಿಕವಾಗಿ ಒಂದೊಂದಕ್ಕೆ ಇಳಿಸುವುದು ಒಳ್ಳೆಯದು. ಹೊಗೆ ರೋಗಾಣುವನ್ನು ಕೊಲ್ಲುತ್ತದೆ ಎಂಬ ನಂಬಿಕೆಯನ್ನು ನೆಚ್ಚಿಕೊಳ್ಳಬಾರದು. ಆಸ್ತಮಾ ಇರುವವರಿಗೂ ಕಾಯಿಲೆಯಿಂದ ಈಗಷ್ಟೇ ಚೇತರಿಸಿಕೊಳ್ಳುತ್ತಿರುವವರಿಗೂ ಆ ಹೊಗೆಯೇ ಕೆಮ್ಮು ತರಿಸುತ್ತದೆ.

ಯಾರನ್ನು ಕರೆಯಬಹುದು?

ಒಂದೇ ಸೂರಿನಡಿ ಇರುವವರ ಹಬ್ಬವೆಂದು ಇಟ್ಟುಕೊಂಡರೆ ಎಲ್ಲವೂ ಸರಳವಾಗುತ್ತದೆ. ಕರೆಯಲೇಬೇಕೆಂದಿದ್ದರೆ ಒಂದು ಹೊತ್ತಿಗೆ ಒಂದೇ ಮನೆಯವರನ್ನು ಕರೆಯಿರಿ, ಅಂಗಳದಲ್ಲೋ ತಾರಸಿಯಲ್ಲೋ ಕೂರಿಸಿ, ಮಾಸ್ಕ್ ಹಾಕಿಕೊಂಡೇ ಮಾತನಾಡಿ. ಮಾಸ್ಕ್ ಕಳಚುವುದು ಊಟದ ಹೊತ್ತಿಗೆ. ಆದ್ದರಿಂದ ಪಂಕ್ತಿ ಭೋಜನವನ್ನು ಆ ವರ್ಷ ಬಿಡುವುದು ಬಹಳ ಮುಖ್ಯ. ಹೋಳಿಗೆ, ಕಡುಬುಗಳನ್ನು ಡಬ್ಬಿಯಲ್ಲಿ ಕಟ್ಟಿ ಕಳುಹಿಸಿದರೆ ಆಯಿತು.

ಮನೆಯ ಹಿರಿಯರ ವಿಷಯ ಇನ್ನೂ ಕಷ್ಟದ್ದು. ಅರುವತ್ತೈದು ದಾಟಿದವರಿಗೆ, ಮಧುಮೇಹ, ಹೃದ್ರೋಗ, ಮೂತ್ರಪಿಂಡದ ತೊಂದರೆ ಇರುವವರಿಗೆ ಕೋವಿಡ್ ತೀವ್ರವಾಗುವ ಸಂಭವ ಹೆಚ್ಚು. ಆದರೆ ಹಬ್ಬದಲ್ಲಿ ಮುಂದೆ ನಿಂತು ಎಲ್ಲವನ್ನೂ ಹೇಳಿಕೊಡುವವರು ಅವರೇ. ಅವರನ್ನು ಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕುವುದು ರಕ್ಷಣೆಯಂತೆ ಕಂಡರೂ ಅವರ ಮನಸ್ಸನ್ನು ಕುಗ್ಗಿಸುತ್ತದೆ. ಅಜ್ಜ ಅಜ್ಜಿ ಅದೇ ಮನೆಯಲ್ಲಿದ್ದರೆ ಹಬ್ಬಕ್ಕೆ ಮುಂಚಿನ ಒಂದು ವಾರ, ಹತ್ತು ದಿನ ಉಳಿದವರು ಹೊರಗಿನ ಓಡಾಟವನ್ನು ಕಡಿಮೆ ಮಾಡಿಕೊಳ್ಳಲಿ. ಸಂಯಮದ ಭಾರವನ್ನು ಅವರ ಮೇಲೆ ಹಾಕದೆ ಕಿರಿಯರು ಹೊರುವುದೇ ನ್ಯಾಯ. ಅವರು ಬೇರೆ ಊರಿನಲ್ಲಿದ್ದರೆ ಹಬ್ಬದ ನೂಕುನುಗ್ಗಲಿನ ಬಸ್ಸಿನಲ್ಲಿ ಅವರನ್ನು ಕರೆಸಿಕೊಳ್ಳಬೇಡಿ.

ಪೇಟೆಗೆ ಹೋಗದೆ ಗಣೇಶನನ್ನು ತರುವುದು ಹೇಗೆ?

ಮನೆಯಲ್ಲೇ ಮಾಡಬಹುದು, ಅದು ಕಷ್ಟವೂ ಅಲ್ಲ. ಕೆರೆಯ ಜೇಡಿಮಣ್ಣನ್ನು ಕಲ್ಲು, ಬೇರು ಇಲ್ಲದಂತೆ ಜರಡಿ ಹಿಡಿದು, ಸ್ವಲ್ಪ ಸ್ವಲ್ಪವೇ ನೀರು ಹಾಕಿ, ಚಪಾತಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ ನಾದಬೇಕು. ಒಳಗೆ ಗಾಳಿ ಉಳಿದರೆ ಒಣಗುವಾಗ ಬಿರುಕು ಬಿಡುತ್ತದೆ, ಆದ್ದರಿಂದ ಮುದ್ದೆಯನ್ನು ಮಣೆಯ ಮೇಲೆ ಹಲವು ಬಾರಿ ಬಡಿದು ನಾದುವುದು ಅಗತ್ಯ. ಮೊದಲು ಪೀಠ, ಅದರ ಮೇಲೆ ಹೊಟ್ಟೆ, ಮಡಿಸಿದ ಕಾಲುಗಳು, ಆಮೇಲೆ ತಲೆ ಮತ್ತು ಸೊಂಡಿಲು. ತುಂಡುಗಳನ್ನು ಕೂಡಿಸುವ ಜಾಗದಲ್ಲಿ ಎರಡೂ ಕಡೆ ಕಡ್ಡಿಯಿಂದ ಗೀರಿ, ನೀರಾಗಿ ಕಲಸಿದ ಮಣ್ಣು ಸವರಿ ಒತ್ತಿದರೆ ಕಳಚಿ ಬೀಳುವುದಿಲ್ಲ. ಸೊಂಡಿಲನ್ನು ಗಾಳಿಯಲ್ಲಿ ಚಾಚದೆ ಹೊಟ್ಟೆಗೆ ತಾಗಿಸಿ ಇಳಿಸಿದರೆ ಮುರಿಯುವ ಭಯವಿಲ್ಲ. ಬಿಸಿಲಿಗೆ ಇಡಬಾರದು, ನೆರಳಿನಲ್ಲಿ ಒದ್ದೆ ಬಟ್ಟೆ ಹೊದಿಸಿ ಒಂದು ದಿನ, ಆಮೇಲೆ ಬಟ್ಟೆ ತೆಗೆದು ಎರಡು ಮೂರು ದಿನ ಒಣಗಿಸಿದರೆ ಒಂದು ಗೇಣು ಎತ್ತರದ ಮೂರ್ತಿ ಸಿದ್ಧವಾಗುತ್ತದೆ. ಕಣ್ಣಿಗೆ ಎರಡು ಗುಲಗಂಜಿ ಇಡುವವರು ಅವು ತೀವ್ರ ವಿಷದ ಬೀಜಗಳೆಂಬುದನ್ನು ಮರೆಯಬಾರದು. ಪುಟ್ಟ ಮಕ್ಕಳಿರುವ ಮನೆಯಲ್ಲಿ ಮೆಣಸಿನ ಕಾಳು ಸಾಕು.

ಮಣ್ಣೂ ಸಿಗದಿದ್ದರೆ ಅರಿಶಿನದ ಪುಡಿಯನ್ನು ನೀರಿನಲ್ಲಿ ಕಲಸಿ ಗೋಪುರದಂತೆ ನಿಲ್ಲಿಸಿ. ಮದುವೆಯಿಂದ ಗೃಹಪ್ರವೇಶದವರೆಗೆ ಯಾವ ಶುಭಕಾರ್ಯದಲ್ಲಿಯೂ ಪುರೋಹಿತರು ಮೊದಲು ಪೂಜಿಸುವುದು ಇಂಥ ಅರಿಶಿನದ ಗಣಪನನ್ನೇ. ಗೌರಿಗೂ ಅರಿಶಿನದ ಗೌರಿ, ಮಣ್ಣಿನ ಗೌರಿ, ಕೆರೆ ದಂಡೆಯ ಮರಳಿನ ಗೌರಿ ಎಲ್ಲವೂ ರೂಢಿಯಲ್ಲಿವೆ.

ಕೊಳ್ಳುವವರಿಗೆ ಒಂದು ಕೋರಿಕೆ. ಬೆಂಗಳೂರಿನ ಪಾಟರಿ ಟೌನ್‌ನಂಥ ಕಡೆಗಳಲ್ಲಿ ತಿಂಗಳುಗಟ್ಟಲೆ ಮೊದಲೇ ಮೂರ್ತಿ ಮಾಡಿಟ್ಟುಕೊಳ್ಳುವ ಕುಂಬಾರ ಕುಟುಂಬಗಳ ವರ್ಷದ ಸಂಪಾದನೆಯ ದೊಡ್ಡ ಪಾಲು ಈ ಒಂದು ಹಬ್ಬದ್ದು. ಎರಡು ವಾರ ಮೊದಲೇ ಫೋನಿನಲ್ಲಿ ಹೇಳಿ, ಚಿಕ್ಕ ಮಣ್ಣಿನ ಮೂರ್ತಿಯನ್ನು, ಚೌಕಾಸಿ ಮಾಡದೆ, ಜನ ಕಡಿಮೆ ಇರುವ ಹೊತ್ತಿನಲ್ಲಿ ಹೋಗಿ ತನ್ನಿ. ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿ ಬೇಡ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020ರ ಮಾರ್ಗಸೂಚಿ ಅದನ್ನು ನಿಷೇಧಿಸಿದೆ, ಮೇಲಾಗಿ ಮನೆಯ ಬಕೆಟ್ಟಿನಲ್ಲಿ ಅದು ಕರಗುವುದೂ ಇಲ್ಲ.

ಇಪ್ಪತ್ತೊಂದು ಪತ್ರೆ, ಇಪ್ಪತ್ತೊಂದು ಹೂವು ಸಿಗದಿದ್ದರೆ ಪೂಜೆ ಅಪೂರ್ಣವಾಗುವುದಿಲ್ಲವೇ?

ಆಗುವುದಿಲ್ಲ. ಇಲ್ಲದ ಉಪಚಾರದ ಜಾಗದಲ್ಲಿ “ಅಕ್ಷತಾನ್ ಸಮರ್ಪಯಾಮಿ” ಎಂದು ನಾಲ್ಕು ಕಾಳು ಅಕ್ಷತೆ ಹಾಕುವ ಕ್ರಮವನ್ನು ಪೂಜೆ ಮಾಡುವ ಪ್ರತಿಯೊಬ್ಬರೂ ಬಲ್ಲರು. ವಸ್ತ್ರವಿಲ್ಲದಿದ್ದರೂ ಆಭರಣವಿಲ್ಲದಿದ್ದರೂ ಅಕ್ಷತೆಯೇ ಅದರ ಸ್ಥಾನ ತುಂಬುತ್ತದೆ. ಗಣೇಶನಿಗೆ ಮುಖ್ಯವಾದದ್ದು ಗರಿಕೆ, ಅದು ಹಿತ್ತಿಲಿನಲ್ಲಿ, ರಸ್ತೆ ಬದಿಯ ಮೈದಾನದಲ್ಲಿ ಮಳೆಗಾಲದಲ್ಲಿ ಧಾರಾಳವಾಗಿ ಸಿಗುತ್ತದೆ. ಹಬ್ಬದ ಹಿಂದಿನ ಸಂಜೆ ಕೆ.ಆರ್. ಮಾರುಕಟ್ಟೆಯ ಒತ್ತೊತ್ತಿನಲ್ಲಿ ಪತ್ರೆಯ ಕಟ್ಟಿಗಾಗಿ ನುಗ್ಗಬೇಕಾಗಿಲ್ಲ. ನಿಮ್ಮ ಬೀದಿಯ ಹೂವಿನವರಿಗೆ ಎರಡು ದಿನ ಮೊದಲೇ ಹೇಳಿಟ್ಟರೆ ಅವರಿಗೂ ವ್ಯಾಪಾರ, ನಿಮಗೂ ಅನುಕೂಲ.

ಪುರೋಹಿತರನ್ನು ಮನೆಗೆ ಕರೆಸಬಹುದೇ?

ಹಬ್ಬದ ದಿನ ಒಬ್ಬ ಪುರೋಹಿತರು ಬೆಳಗಿನಿಂದ ಮಧ್ಯಾಹ್ನದವರೆಗೆ ಹತ್ತಾರು ಮನೆ ಸುತ್ತುತ್ತಾರೆ. ಅಷ್ಟೂ ಮನೆಗಳಲ್ಲಿ ಗಟ್ಟಿಯಾಗಿ ಮಂತ್ರ ಹೇಳಬೇಕಾದ ಅವರಿಗೆ ಅಪಾಯ ನಮಗಿಂತ ಹೆಚ್ಚು. ವೀಡಿಯೊ ಕರೆಯಲ್ಲಿ ಅವರಿಂದ ಹೇಳಿಸಿಕೊಂಡು ಮನೆಯವರೇ ಪೂಜೆ ಮಾಡುವುದು ಇಬ್ಬರಿಗೂ ಕ್ಷೇಮ. ಸಮಯವನ್ನು ಮೊದಲೇ ಗೊತ್ತುಪಡಿಸಿಕೊಂಡು, ಮೊಬೈಲನ್ನು ಮಂಟಪವೂ ನಿಮ್ಮ ಕೈಯೂ ಕಾಣುವ ಎತ್ತರದಲ್ಲಿ ನಿಲ್ಲಿಸಿ, ಬೇಕಾದ ಸಾಮಗ್ರಿಯನ್ನೆಲ್ಲ ಹಿಂದಿನ ರಾತ್ರಿಯೇ ತಟ್ಟೆಯಲ್ಲಿ ಜೋಡಿಸಿಟ್ಟುಕೊಳ್ಳಿ. ನಡುವೆ ಎದ್ದು ಹುಡುಕುತ್ತ ಹೋದರೆ ಅವರ ಮುಂದಿನ ಮನೆಯ ಹೊತ್ತು ತಪ್ಪುತ್ತದೆ. ದಕ್ಷಿಣೆಯನ್ನು ಪ್ರತಿ ವರ್ಷದಷ್ಟೇ, ಸಾಧ್ಯವಾದರೆ ಅದಕ್ಕಿಂತ ಹೆಚ್ಚಾಗಿ, ಅದೇ ದಿನ ಕಳುಹಿಸಿ. ಮದುವೆ ಮುಂಜಿಗಳು ನಿಂತ ವರ್ಷದಲ್ಲಿ ಪೌರೋಹಿತ್ಯವನ್ನೇ ನಂಬಿದ ಮನೆಗಳು, ಓಲಗದವರ ಮನೆಗಳು, ಅಡುಗೆ ಭಟ್ಟರ ಮನೆಗಳು ಪಟ್ಟ ಪಾಡು ಸಣ್ಣದಲ್ಲ. ಮನೆಗೇ ಬರಬೇಕಾದರೆ ಮನೆಯವರೆಲ್ಲ ಮಾಸ್ಕ್ ಧರಿಸಿ, ಕಿಟಕಿ ತೆರೆದು, ಪೂಜೆಯನ್ನು ಚಿಕ್ಕದಾಗಿ ಮುಗಿಸಿ.

ಬಾಗಿನ ಕೊಡುವುದು ಹೇಗೆ?

ಗೌರಿ ಹಬ್ಬದಲ್ಲಿ ಹೆಚ್ಚು ಯೋಚಿಸಬೇಕಾದದ್ದು ಇದನ್ನೇ. ಮೊರವನ್ನು ತೊಳೆದು ಅರಿಶಿನ ಸವರಿ, ಒಳಗೆ ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ರವಿಕೆ ಕಣ, ಬಳೆ, ಕರಿಮಣಿ, ಕನ್ನಡಿ, ಬಾಚಣಿಗೆ ಜೋಡಿಸಿ, ಮೇಲೆ ಇನ್ನೊಂದು ಮೊರ ಮುಚ್ಚುತ್ತೇವೆ. ಕೊಡುವವರೂ ಪಡೆಯುವವರೂ ಎದುರುಬದುರು ನಿಂತು, ಸೆರಗನ್ನು ಮೊರದ ಮೇಲೆ ಹೊದಿಸಿ, ಇಬ್ಬರೂ ಒಟ್ಟಿಗೆ ಹಿಡಿದು ಹಿಂದಕ್ಕೂ ಮುಂದಕ್ಕೂ ಆಡಿಸುವಾಗ ಇಬ್ಬರ ಮುಖಗಳ ನಡುವೆ ಒಂದು ಮೊರದಷ್ಟೇ ಅಂತರವಿರುತ್ತದೆ. ಐದು ಜನ ಮುತ್ತೈದೆಯರಿಗೆ ಹೀಗೆ ಕೊಟ್ಟು, ಅವರಿಂದಲೂ ಪಡೆದರೆ, ಒಂದೇ ಬೆಳಗ್ಗೆ ಐದು ಮನೆಗಳ ಉಸಿರು ಕೂಡಿದಂತೆ.

ಸರಳ ದಾರಿಯಿದೆ. ಮೊದಲ ಬಾಗಿನ ಗೌರಿಗೆ. ಅದಕ್ಕೆ ಯಾವ ತಡೆಯೂ ಇಲ್ಲ. ಮನೆಯಲ್ಲಿಯೇ ಇರುವ ಅತ್ತೆಗೋ ಅಮ್ಮನಿಗೋ ಕೈಯಾರೆ ಕೊಡಿ. ಉಳಿದವರಿಗಾಗಿ ಮೊರವನ್ನು ಜಗಲಿಯ ಮೇಲೆ, ಅಥವಾ ತುಳಸಿಕಟ್ಟೆಯ ಬಳಿ ಮಣೆಯ ಮೇಲಿಟ್ಟು, ಅರಿಶಿನ ಕುಂಕುಮದ ಪೊಟ್ಟಣವನ್ನು ಪಕ್ಕದಲ್ಲಿರಿಸಿ, ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತು ನಮಸ್ಕರಿಸಿ. ಅವರು ಬಂದು ಎತ್ತಿಕೊಳ್ಳಲಿ. ಕುಂಕುಮವನ್ನು ಅವರೇ ಹಚ್ಚಿಕೊಳ್ಳಲಿ. ಹಬ್ಬದ ದಿನವೇ ಎಲ್ಲವನ್ನೂ ತಲುಪಿಸಲಾಗದಿದ್ದರೆ ಮುಂದಿನ ದಿನಗಳಲ್ಲಿ ಒಂದೊಂದಾಗಿ ಕೊಟ್ಟುಬರುವ ರೂಢಿಯೂ ಅನೇಕ ಮನೆಗಳಲ್ಲಿದೆ. ತವರಿನಿಂದ ಬರುವ ಅರಿಶಿನ ಕುಂಕುಮದ ಹಣ ಫೋನಿನಲ್ಲಿಯೇ ಬರಲಿ, ಆದರೆ ಅದರ ಜೊತೆಗೆ ಅಣ್ಣನೋ ತಮ್ಮನೋ ಕರೆ ಮಾಡಿ ಹತ್ತು ನಿಮಿಷ ಮಾತನಾಡಲಿ. ಹೆಣ್ಣುಮಕ್ಕಳು ಗೌರಿ ಹಬ್ಬದಲ್ಲಿ ಕಾಯುವುದು ಆ ಮಾತಿಗಾಗಿ.

ಈ ಕಾಯಿಲೆಯಲ್ಲಿ ಪತಿಯನ್ನು ಕಳೆದುಕೊಂಡ ಬಂಧುವೊಬ್ಬರಿದ್ದಾರೆ. ಅವರನ್ನು ಗೌರಿ ಹಬ್ಬಕ್ಕೆ ಹೇಗೆ ಮಾತನಾಡಿಸಬೇಕು?

ಕೋವಿಡ್‌ನ ಎರಡನೆಯ ಅಲೆಯ ನಂತರ, 2021ರ ಗೌರಿ ಹಬ್ಬದಲ್ಲಿ ಬಹಳ ಮನೆಗಳು ಎದುರಿಸಿದ ಪ್ರಶ್ನೆಯಿದು. ಹಿಂದಿನ ವರ್ಷ ಬಾಗಿನ ಪಡೆದಿದ್ದ ಮೂವತ್ತು, ನಲವತ್ತು ವರ್ಷದ ಹೆಣ್ಣುಮಗಳನ್ನು ಈ ವರ್ಷ ಪಟ್ಟಿಯಿಂದ ಸುಮ್ಮನೆ ಬಿಟ್ಟುಬಿಟ್ಟರೆ ಅದು ಅವರ ದುಃಖದ ಮೇಲೆ ಇನ್ನೊಂದು ಪೆಟ್ಟು. ಸಂಪ್ರದಾಯದ ಬಗ್ಗೆ ಮನೆಯ ಹಿರಿಯರ ಅಭಿಪ್ರಾಯ ಏನೇ ಇರಲಿ, ಹಬ್ಬಕ್ಕೆ ಮುಂಚೆ ಅವರಿಗೆ ಫೋನ್ ಮಾಡುವುದಕ್ಕೆ, ಒಂದು ಸೀರೆಯನ್ನೋ ಹಣ್ಣನ್ನೋ ಹೋಳಿಗೆಯನ್ನೋ ಪ್ರೀತಿಯಿಂದ ಕಳುಹಿಸುವುದಕ್ಕೆ ಯಾವ ಶಾಸ್ತ್ರವೂ ಅಡ್ಡಬರುವುದಿಲ್ಲ. ಅವರಿಗೆ ಇಷ್ಟವಿದ್ದರೆ ಮೊದಲಿನಂತೆಯೇ ಕರೆದು ಹೂವು ಕೊಡುವುದೇ ಸರಿ ಎಂಬುದು ನಮ್ಮ ದೃಢವಾದ ಅಭಿಪ್ರಾಯ. ಗೌರಿಯೂ ಒಂದು ಮನೆಯ ಮಗಳಾಗಿಯೇ ನಮ್ಮಲ್ಲಿಗೆ ಬರುವವಳು. ಅವರಿಗೆ ಇಷ್ಟವಿಲ್ಲದಿದ್ದರೆ ಒತ್ತಾಯ ಬೇಡ. ನಿರ್ಧಾರ ಅವರದಾಗಿರಲಿ.

ಮಂಗಳಾರತಿ, ತೀರ್ಥ, ಪ್ರಸಾದಗಳ ವಿಷಯದಲ್ಲಿ ಎಚ್ಚರಿಕೆ ಏನು?

ಒಂದೇ ಮನೆಯವರು ಮಾತ್ರ ಇದ್ದರೆ, ಎಲ್ಲರೂ ಆರೋಗ್ಯವಾಗಿದ್ದರೆ, ವಿಶೇಷ ಬದಲಾವಣೆ ಏನೂ ಬೇಕಿಲ್ಲ. ಹೊರಗಿನವರು ಬಂದಾಗ ಆರತಿ ತಟ್ಟೆಯನ್ನು ಒಬ್ಬೊಬ್ಬರ ಮುಖದ ಬಳಿ ಒಯ್ಯದೆ ಒಂದೇ ಕಡೆ ಇಟ್ಟು ದೂರದಿಂದ ನಮಸ್ಕರಿಸಲಿ. ತೀರ್ಥಕ್ಕೆ ಕೈಯೊಡ್ಡುವ ಮೊದಲು ಕೈ ತೊಳೆದಿರಬೇಕು. ಕೊಡುವವರ ಉದ್ಧರಣೆ ಯಾರ ಕೈಗೂ ತಾಗದಿರಲಿ. ಹೆಚ್ಚಿದ ಹಣ್ಣು, ಬೆರಳಿನಿಂದ ಹಂಚುವ ಪಂಚಕಜ್ಜಾಯದ ಬದಲು ಇಡೀ ಬಾಳೆಹಣ್ಣು, ಎಲೆಯಲ್ಲಿ ಕಟ್ಟಿದ ಕಡುಬು ಕೊಡಿ. ಧಾರ್ಮಿಕ ಸ್ಥಳಗಳಿಗಾಗಿ ಕೇಂದ್ರ ಆರೋಗ್ಯ ಸಚಿವಾಲಯ 2020ರ ಜೂನ್‌ನಲ್ಲಿ ಹೊರಡಿಸಿದ ಸೂಚನೆಗಳಲ್ಲಿ ಮೂರ್ತಿ ಮುಟ್ಟುವುದು, ಪ್ರಸಾದ ಹಂಚುವುದು, ತೀರ್ಥ ಪ್ರೋಕ್ಷಿಸುವುದು, ಗುಂಪಿನಲ್ಲಿ ಹಾಡುವುದು ಇವೆಲ್ಲವೂ ಬೇಡವೆಂದಿತ್ತು. ದೇವಸ್ಥಾನಕ್ಕೆ ಹೋಗಲೇಬೇಕೆನ್ನುವವರು ಹಬ್ಬದ ದಿನ ಬಿಟ್ಟು ಮರುದಿನ ಮಧ್ಯಾಹ್ನ ಹೋಗಿಬರಲಿ.

ಪೂಜೆಗೆ ಕೂರುವ ಮೊದಲು ಸ್ಯಾನಿಟೈಸರ್ ಹಚ್ಚಿಕೊಂಡರೆ ಸಾಲದೇ?

ದಯವಿಟ್ಟು ಹಾಗೆ ಮಾಡಬೇಡಿ. ಸ್ಯಾನಿಟೈಸರಿನಲ್ಲಿ ಶೇ. 60ಕ್ಕೂ ಹೆಚ್ಚು ಆಲ್ಕೋಹಾಲ್ ಇರುತ್ತದೆ. ಅದು ಪೂರ್ತಿ ಒಣಗುವ ಮೊದಲು ದೀಪ ಹಚ್ಚಿದರೆ ಕೈಗೆ ಬೆಂಕಿ ತಗಲಬಹುದು. ಆಲ್ಕೋಹಾಲಿನ ಜ್ವಾಲೆ ಹಗಲಿನ ಬೆಳಕಿನಲ್ಲಿ ಸರಿಯಾಗಿ ಕಾಣಿಸುವುದೂ ಇಲ್ಲ. ರೇಷ್ಮೆ ಸೀರೆ, ಪಂಚೆ ಉಟ್ಟು, ಕರ್ಪೂರದ ಆರತಿ ಎತ್ತುವವರು ಸಾಬೂನು ಮತ್ತು ನೀರಿನಿಂದ ಇಪ್ಪತ್ತು ಸೆಕೆಂಡು ಕೈ ತೊಳೆದರೆ ಸಾಕು. ಮಂಟಪದ ಬಳಿಯಲ್ಲಾಗಲಿ ಒಲೆಯ ಬಳಿಯಲ್ಲಾಗಲಿ ಸ್ಯಾನಿಟೈಸರ್ ಬಾಟಲಿ ಇರಲೇಬಾರದು.

ಮಕ್ಕಳು ಮನೆ ಮನೆಗೆ ಗಣೇಶ ನೋಡಲು ಹೋಗುವುದನ್ನು ತಪ್ಪಿಸಬೇಕೇ?

“ಗಣೇಶ ಇಟ್ಟಿದ್ದೀರಾ?” ಎಂದು ಕೇಳುತ್ತ, ಮುಷ್ಟಿಯಲ್ಲಿ ಅಕ್ಷತೆ ಹಿಡಿದು, ಇಪ್ಪತ್ತೊಂದೋ ನೂರೆಂಟೋ ಗಣೇಶನನ್ನು ಲೆಕ್ಕ ಹಾಕುವ ಮಕ್ಕಳ ಸಂಜೆಯನ್ನು ಪೂರ್ತಿಯಾಗಿ ಕಿತ್ತುಕೊಳ್ಳಬೇಕಾಗಿಲ್ಲ. ಬೀದಿಯ ನಾಲ್ಕಾರು ಮನೆಯವರು ಮಾತಾಡಿಕೊಂಡು ಆ ವರ್ಷ ಗಣೇಶನನ್ನು ರಸ್ತೆಗೆ ಕಾಣುವ ಕಿಟಕಿಯಲ್ಲೋ ಜಗಲಿಯಲ್ಲೋ ಕೂರಿಸಿದರೆ, ಮಕ್ಕಳು ಗೇಟಿನಾಚೆಯೇ ನಿಂತು ನೋಡಿ, ಅಕ್ಷತೆ ಹಾಕಿ ಮುಂದೆ ಹೋಗಬಹುದು. ಗೇಟಿನ ಬಳಿ ಕಾಗದದ ಪೊಟ್ಟಣದಲ್ಲಿ ಚರಪು ಇಟ್ಟಿರಿ. ಮಕ್ಕಳ ಜೊತೆ ದೊಡ್ಡವರೊಬ್ಬರಿರಲಿ. ಒಳಗೆ ಬನ್ನಿ ಎಂದು ಯಾರು ಕರೆದರೂ ಹೋಗದಂತೆ ಮೊದಲೇ ಹೇಳಿರಬೇಕು.

ಮನೆಯಲ್ಲಿ ಒಬ್ಬರಿಗೆ ಸೋಂಕು ತಗಲಿದೆ. ಪೂಜೆ ಮಾಡಬಹುದೇ? ಮೈಲಿಗೆಯಾಗುವುದಿಲ್ಲವೇ?

ಕಾಯಿಲೆಯಿಂದ ಮೈಲಿಗೆ ಬರುವುದಿಲ್ಲ. ಸೂತಕ, ಅಶೌಚಗಳು ಜನನ ಮತ್ತು ಮರಣಕ್ಕೆ ಸಂಬಂಧಿಸಿದವು. ಜ್ವರ, ಕೆಮ್ಮು, ಪ್ರತ್ಯೇಕ ವಾಸ ಇವು ಯಾವುದೂ ಅದರಲ್ಲಿ ಸೇರಿಲ್ಲ. ಸೋಂಕಿತರನ್ನು ಅಶುದ್ಧರೆಂಬಂತೆ ನೋಡಿದ್ದು ಆ ದಿನಗಳ ಬಹಳ ನೋವಿನ ಸಂಗತಿ. ಅದೇ ಭಯದಿಂದ ಜನ ಕಾಯಿಲೆಯನ್ನು ಮುಚ್ಚಿಟ್ಟರು, ಮುಚ್ಚಿಟ್ಟದ್ದರಿಂದ ಅದು ಇನ್ನಷ್ಟು ಹರಡಿತು. ರೋಗಿ ತಮ್ಮ ಕೋಣೆಯಲ್ಲೇ ಇರಲಿ, ಅವರ ಪರವಾಗಿ ಮನೆಯ ಇನ್ನೊಬ್ಬರು ಸಂಕಲ್ಪದಲ್ಲಿ ಅವರ ಹೆಸರು ಹೇಳಿ ಪೂಜೆ ಮಾಡಲಿ. ಅವರ ಆರೈಕೆ ಮಾಡುವವರು ಹಬ್ಬದ ಅಡುಗೆಗೆ ನಿಲ್ಲದಿರುವುದು ಒಳ್ಳೆಯದು. ಆ ಮನೆಗೆ ಹೊರಗಿನವರು ಯಾರೂ ಬರಬಾರದು, ಆ ಮನೆಯವರು ಎಲ್ಲಿಗೂ ಹೋಗಬಾರದು. ಹಬ್ಬದ ಗಡಿಬಿಡಿಯಲ್ಲಿ ರೋಗಿಯ ಕಡೆ ಗಮನ ತಪ್ಪುವುದೇ ದೊಡ್ಡ ಅಪಾಯ. ಆಕ್ಸಿಮೀಟರಿನಲ್ಲಿ ಆಮ್ಲಜನಕದ ಮಟ್ಟ 94ಕ್ಕಿಂತ ಇಳಿದರೆ, ಉಸಿರಾಟ ಕಷ್ಟವಾದರೆ, ಎಚ್ಚರ ಮಂಕಾದರೆ, ಪೂಜೆ ಅರ್ಧದಲ್ಲಿದ್ದರೂ ಬಿಟ್ಟು 108ಕ್ಕೆ ಕರೆ ಮಾಡಿ.

ಹತ್ತಿರದವರು ತೀರಿಹೋಗಿ ಸೂತಕವಿದೆ. ಏನು ಮಾಡಬೇಕು?

ನಿಮ್ಮ ಮನೆತನದ ಪದ್ಧತಿಯನ್ನು ಹಿರಿಯರಿಂದಲೋ ಪುರೋಹಿತರಿಂದಲೋ ಕೇಳಿ ಹಾಗೆಯೇ ನಡೆಯಿರಿ. ಹಬ್ಬವಿಲ್ಲದ ಮನೆಗೆ ನೆರೆಯವರು ಅಡುಗೆ ಮಾಡಿ ಕಳುಹಿಸುವ ನಮ್ಮ ಹಳೆಯ ರೂಢಿಯನ್ನು ಮಾತ್ರ ಇಂಥ ಕಾಲದಲ್ಲಿ ಬಿಡಬಾರದು. ಡಬ್ಬಿಯನ್ನು ಬಾಗಿಲ ಬಳಿ ಇಟ್ಟು, ಕರೆಗಂಟೆ ಒತ್ತಿ, ದೂರ ನಿಂತು ಎರಡು ಮಾತನಾಡಿ ಬರಬಹುದು.

ಬೀದಿಯ ಗಣೇಶ, ಅಪಾರ್ಟ್‌ಮೆಂಟಿನ ಗಣೇಶ ಕೂರಿಸಬಹುದೇ?

ಅನುಮತಿಯಿದ್ದರೆ ಮಾತ್ರ, ಅದರ ಷರತ್ತಿನೊಳಗೆ. 2020ರಲ್ಲಿ ಕರ್ನಾಟಕ ಸರ್ಕಾರ ಸಾರ್ವಜನಿಕ ಮೂರ್ತಿಗೆ 4 ಅಡಿ, ಮನೆಯ ಮೂರ್ತಿಗೆ 2 ಅಡಿ ಎತ್ತರದ ಮಿತಿ ಹಾಕಿ, ಒಮ್ಮೆಗೆ 20 ಜನ ಮೀರಬಾರದೆಂದು ಹೇಳಿತ್ತು, ಮೆರವಣಿಗೆಗೆ ಅವಕಾಶವಿರಲಿಲ್ಲ. ಅಪಾರ್ಟ್‌ಮೆಂಟಿನವರು ಮಾಡುವ ಸಾಮಾನ್ಯ ತಪ್ಪೆಂದರೆ ಎಸಿ ಹಾಕಿದ ಕ್ಲಬ್‌ಹೌಸಿನಲ್ಲಿ ಮೂರ್ತಿ ಇಟ್ಟು, ಬಾಗಿಲಿನಲ್ಲಿ ಹಣೆಗೆ ಜ್ವರಮಾಪಕ ಹಿಡಿದು ಸುರಕ್ಷಿತವೆಂದುಕೊಳ್ಳುವುದು. ಲಕ್ಷಣ ಕಾಣಿಸುವ ಮೊದಲೇ ಸೋಂಕು ಹರಡಬಲ್ಲದು, ಜ್ವರಮಾಪಕಕ್ಕೆ ಅದು ಗೊತ್ತಾಗುವುದಿಲ್ಲ. ಮೂರು ಕಡೆ ತೆರೆದ ಚಪ್ಪರ, ಬ್ಲಾಕಿಗೊಂದು ಸಮಯ, ಮೈಕಿನಲ್ಲಿ ಧ್ವನಿಮುದ್ರಿತ ಹಾಡು, ಒಂದೇ ದಿನಕ್ಕೆ ವಿಸರ್ಜನೆ, ಇಷ್ಟಾದರೆ ಸಾಕು. ವಾದ್ಯಗೋಷ್ಠಿಗೆಂದು ಎತ್ತಿದ ಚಂದಾ ಹಣ ಉಳಿದರೆ ಸೆಕ್ಯೂರಿಟಿಯವರಿಗೆ, ಮನೆಗೆಲಸದವರಿಗೆ, ಪೌರಕಾರ್ಮಿಕರಿಗೆ ದಿನಸಿ ಕೊಡಿಸಿ.

ವಿಸರ್ಜನೆಯನ್ನು ಮನೆಯಲ್ಲೇ ಮಾಡುವುದು ಹೇಗೆ?

ಮಂಗಳಾರತಿಯಾದ ಮೇಲೆ, ಮತ್ತೆ ಬಾ ಎಂದು ಪ್ರಾರ್ಥಿಸಿ, ಮೂರ್ತಿಯನ್ನು ಸ್ವಲ್ಪ ಕದಲಿಸಿದರೆ ಉದ್ವಾಸನೆ ಆದಂತೆ. ಹೂವು, ಪತ್ರೆ, ಗೆಜ್ಜೆವಸ್ತ್ರ, ಜನಿವಾರ, ದಾರ ಎಲ್ಲವನ್ನೂ ತೆಗೆದು, ಮೂರ್ತಿ ಮುಳುಗುವಷ್ಟು ಆಳದ ಬಕೆಟ್ಟಿನಲ್ಲಿ ಶುದ್ಧ ನೀರು ತುಂಬಿ, ಅರಿಶಿನ ಕುಂಕುಮ ಹಾಕಿ, ಗೌರಿಯನ್ನು ಮೊದಲು, ಗಣೇಶನನ್ನು ನಂತರ ಇಳಿಸಿ. ಸುಡದ ಮಣ್ಣು ರಾತ್ರಿ ಕಳೆಯುವುದರೊಳಗೆ ಸಾಮಾನ್ಯವಾಗಿ ಕರಗುತ್ತದೆ. ದಪ್ಪ ಪೀಠಕ್ಕೆ ಇನ್ನೊಂದು ದಿನ ಬೇಕಾಗಬಹುದು, ಅವಸರಪಟ್ಟು ಕೋಲಿನಿಂದ ಚುಚ್ಚಬೇಡಿ. ಆ ನೀರನ್ನೂ ಮಣ್ಣನ್ನೂ ಯಾರೂ ತುಳಿಯದ ಕಡೆ ಗಿಡದ ಬುಡಕ್ಕೆ ಹಾಕಿ. ಬಣ್ಣ ಹಚ್ಚಿದ ಮೂರ್ತಿಯಾದರೆ ಗಿಡಕ್ಕೆ ಹಾಕುವುದು ಬೇಡ, ನಗರಪಾಲಿಕೆಯ ಸಂಚಾರಿ ತೊಟ್ಟಿಗೆ ಒಪ್ಪಿಸಿ. ಅದನ್ನು ಒಬ್ಬರೋ ಇಬ್ಬರೋ ಒಯ್ದರೆ ಸಾಕು.

ಮಕ್ಕಳು ಹೊರದೇಶದಲ್ಲಿದ್ದಾರೆ, ನಾವಿಬ್ಬರೇ ಹಿರಿಯರು ಇಲ್ಲಿದ್ದೇವೆ. ಹಬ್ಬ ಹೇಗೆ?

ಸಿಂಗಪುರದಲ್ಲಿರುವ ಮಗಳಿಗೂ ಅಮೆರಿಕದಲ್ಲಿರುವ ಮಗನಿಗೂ ಹೊಂದುವ ಒಂದು ಹೊತ್ತನ್ನು ಗೊತ್ತುಮಾಡಿಕೊಂಡು, ಮಂಗಳಾರತಿಯನ್ನು ಆ ಹೊತ್ತಿಗೆ ಇಟ್ಟುಕೊಳ್ಳಿ. ಪೂಜೆಯನ್ನಿಡೀ ಪರದೆಯಲ್ಲಿ ತೋರಿಸುವುದಕ್ಕಿಂತ, ಹಿಂದಿನ ದಿನ ಕಡುಬಿನ ಹೂರಣ ಮಾಡುವಾಗ ಮೊಬೈಲನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಮಾತಾಡುತ್ತ, ಅವರೂ ಅಲ್ಲಿ ಮಾಡುವಂತೆ ಹೇಳಿಕೊಡುವುದು ಹೆಚ್ಚು ಸಂತೋಷ ಕೊಡುತ್ತದೆ. ಹಿರಿಯರಿಬ್ಬರೇ ಇರುವ ಮನೆಗೆ ಹೂವು, ಹಣ್ಣು, ಔಷಧಿ ತಂದುಕೊಡುವ ಹೊಣೆಯನ್ನು ಪಕ್ಕದ ಮನೆಯವರಲ್ಲಿ ಒಬ್ಬರು ವಹಿಸಿಕೊಳ್ಳಬೇಕು.

ಲಸಿಕೆ ಹಾಕಿಸಿಕೊಂಡಿದ್ದೇವೆ, ಪರೀಕ್ಷೆಯೂ ನೆಗೆಟಿವ್ ಬಂದಿದೆ. ಇನ್ನೂ ಎಚ್ಚರಿಕೆ ಬೇಕೇ?

ಬೇಕು. ಲಸಿಕೆ ಕಾಯಿಲೆ ತೀವ್ರವಾಗುವುದನ್ನೂ ಸಾವನ್ನೂ ಬಹಳ ಮಟ್ಟಿಗೆ ತಡೆಯುತ್ತದೆ, ಹಾಗಾಗಿ ತಪ್ಪದೆ ಹಾಕಿಸಿಕೊಳ್ಳಿ. ಆದರೆ ಸೋಂಕು ತಗಲುವುದನ್ನೂ ಇನ್ನೊಬ್ಬರಿಗೆ ದಾಟುವುದನ್ನೂ ಅದು ಪೂರ್ತಿ ನಿಲ್ಲಿಸುವುದಿಲ್ಲ. ನೆಗೆಟಿವ್ ವರದಿ ಮಾದರಿ ತೆಗೆದ ಆ ಹೊತ್ತಿನದು ಮಾತ್ರ.

ಹಬ್ಬವಾಗಿ ಮೂರು ದಿನಕ್ಕೆ ನಮ್ಮ ಮನೆಯಲ್ಲಿ ಒಬ್ಬರಿಗೆ ಜ್ವರ ಬಂದು ಸೋಂಕು ಖಚಿತವಾಗಿದೆ. ಬಂದುಹೋದವರಿಗೆ ಹೇಳಬೇಕೇ?

ಅದೇ ಗಂಟೆಯಲ್ಲಿ ಹೇಳಬೇಕು. ಬಾಗಿನಕ್ಕೆ ಬಂದವರು, ಹೂವು ತಂದುಕೊಟ್ಟವರು, ಪುರೋಹಿತರು, ಮನೆಗೆಲಸದವರು, ಊಟದ ಡಬ್ಬಿ ಒಯ್ಯಲು ಬಂದು ಬಾಗಿಲಲ್ಲಿ ಮಾತಾಡಿದವರು, ಎಲ್ಲರಿಗೂ ಒಬ್ಬೊಬ್ಬರಾಗಿ ಫೋನ್ ಮಾಡಿ. ಕೋವಿಡ್‌ನಲ್ಲಿ ಸೋಂಕು ತಗಲಿದ ಎರಡರಿಂದ ಹದಿನಾಲ್ಕು ದಿನಗಳೊಳಗೆ, ಹೆಚ್ಚಿನವರಲ್ಲಿ ಐದು ದಿನದ ಆಸುಪಾಸಿನಲ್ಲಿ, ಲಕ್ಷಣ ಕಾಣಿಸುತ್ತಿತ್ತು. ಆದ್ದರಿಂದ ಮೂರನೆಯ ದಿನ ತಿಳಿಸಿದರೂ ಅವರು ತಮ್ಮ ಮನೆಯ ಹಿರಿಯರಿಂದ ದೂರವಿರಲು ಇನ್ನೂ ಅವಕಾಶವಿರುತ್ತದೆ. ಯಾರಿಂದ ಯಾರಿಗೆ ಬಂತೆಂಬ ವಿಚಾರಣೆ ಬೇಡ. ಮನೆಗೆಲಸದವರಿಗೆ ರಜೆಯ ದಿನಗಳ ಸಂಬಳವನ್ನು ಕಡಿಯಬೇಡಿ. ಸಂಬಳ ಹೋಗುತ್ತದೆಂದಾದರೆ ಅವರು ಜ್ವರವನ್ನು ಮುಚ್ಚಿಟ್ಟು ಇನ್ನೊಂದು ಮನೆಗೆ ಕೆಲಸಕ್ಕೆ ಹೋಗಬೇಕಾಗುತ್ತದೆ. ಔಷಧಿ, ಪರೀಕ್ಷೆ, ಆಸ್ಪತ್ರೆಯ ವಿಚಾರವಾಗಿ ಮಾಹಿತಿ ಬೇಕಾದವರಿಗೆ 104 ಆರೋಗ್ಯ ಸಹಾಯವಾಣಿಯ ಸಂಖ್ಯೆಯನ್ನು ಆ ಕರೆಯಲ್ಲಿಯೇ ಕೊಡಿ.